ಅರ್ಧಕ್ಕೆ ನಿಂತ ಜೋಗುಳ

“ಗುರುಗಳೇ, ಕಂಪ್ಯೂಟರ್ ವಿದ್ಯೆ ಅರಿಯದವರ ಕೈಗೂ ತಂತ್ರಾಂಶವನ್ನು ಬದಲಿಸುವ ಅಧಿಕಾರ ಕೊಡಬೇಕು ಎನ್ನುತ್ತೀರಿ. ಅವರು ಅದನ್ನು ಕೆಡಿಸಿಬಿಟ್ಟರೆ?” ಎಂದು ವಿನುತಾ ಕೇಳಿದಳು.

ತಂತ್ರಾಂಶ ರಚನೆಯನ್ನು ಕಲಿಸುತ್ತಲೇ ತಲೆ ನೆರೆತಿದ್ದ ನಾಗಭೂಷಣರು ಒಂದು ಕತೆ ಹೇಳಿದರು.

ಒಬ್ಬ ತಂತ್ರಾಂಶಕಾರನಿದ್ದ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗಾಗಿ ಅವನೊಂದು ತಂತ್ರಾಂಶ ಮಾಡಿದ. ತೆರೆಯ ಮೇಲೆ ಚೌಕಗಳು. ಚೌಕದೊಳಗೆ ನೀರು, ಅನ್ನ, ಹಾಸಿಗೆ ಇಂಥ ಚಿತ್ರಗಳು. ರೋಗಿ ಬೆರಳಿಟ್ಟರೆ ಯಂತ್ರ ಆ ಮಾತನ್ನು ಆಡುತ್ತಿತ್ತು. ಮಾತು ಕಲಿಸುವ ಚಿಕಿತ್ಸಕಿಯೊಬ್ಬಳು ಅದನ್ನು ಬಳಸತೊಡಗಿದಳು. ಆದರೆ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಪ್ರತಿ ಬಾರಿಯೂ ಅವನನ್ನೇ ಕರೆಯಬೇಕಾಗುತ್ತಿತ್ತು. ಅವನು ಬಂದು ಬದಲಿಸುವಷ್ಟರಲ್ಲಿ ರೋಗಿಯ ಉತ್ಸಾಹ ಆರಿಹೋಗಿರುತ್ತಿತ್ತು.

ಕೊನೆಗೆ ಅವನು ಒಂದು ನಿರ್ಧಾರಕ್ಕೆ ಬಂದ. ಚಿತ್ರ ತೆಗೆದುಹಾಕುವುದು, ದನಿ ತುಂಬುವುದು, ತುಂಬಿದ ದನಿಯನ್ನು ಕತ್ತರಿಸುವುದು, ಎಲ್ಲವನ್ನೂ ಚಿಕಿತ್ಸಕಿಯೇ ಬೆರಳಿನಿಂದ ಮಾಡಿಕೊಳ್ಳುವಂತೆ ತಂತ್ರಾಂಶವನ್ನು ಬಿಚ್ಚಿಟ್ಟ. ತಪ್ಪಿದರೆ ಮೊದಲಿದ್ದಲ್ಲಿಗೆ ಮರಳುವ ದಾರಿಯನ್ನೂ ಇಟ್ಟ. ಕೊಟ್ಟುಬರಲು ಮನಸ್ಸಿರಲಿಲ್ಲ. ಆದರೂ ಕೊಟ್ಟುಬಂದ.

ಕೆಲವು ತಿಂಗಳ ಮೇಲೆ ನೋಡಲು ಹೋದ. ಚಿಕಿತ್ಸಕಿಯ ಎದುರು ಒಬ್ಬ ಬಾಣಂತಿ ಕುಳಿತಿದ್ದಳು. ಹೆರಿಗೆಯ ಹೊತ್ತಿನಲ್ಲೇ ಲಕ್ವ ಹೊಡೆದು ಅವಳ ಮಾತು ನಿಂತುಹೋಗಿತ್ತು. ಮಗು ಅಜ್ಜಿಯ ತೊಡೆಯ ಮೇಲಿತ್ತು. ಹುಟ್ಟಿದಂದಿನಿಂದ ಅದು ತಾಯಿಯ ಮಾತು ಕೇಳಿರಲಿಲ್ಲ. ತಂತ್ರಾಂಶಕಾರ ತೆರೆಯತ್ತ ನೋಡಿದ. ಒಂದು ಚಿತ್ರವೂ ಇರಲಿಲ್ಲ. ಬರೀ ಖಾಲಿ ಚೌಕಗಳು.

“ನಾನು ಮಾಡಿದ್ದೆಲ್ಲ ಎಲ್ಲಿ ಹೋಯಿತು, ಮೇಡಂ?”

“ಆ ಚಿತ್ರಗಳು ಇವಳ ಬದಲಿಗೆ ತಾವೇ ಮಾತಾಡಿಬಿಡುತ್ತಿದ್ದವು, ಸರ್. ಸ್ವಲ್ಪ ಕೂತಿರಿ,” ಎಂದಳು ಚಿಕಿತ್ಸಕಿ.

ಮಾತು ಹೋದರೂ ಬಾಣಂತಿ ಒಮ್ಮೊಮ್ಮೆ ರಾಗ ಗುನುಗುವುದನ್ನು ಅವಳು ಗಮನಿಸಿದ್ದಳು. ಅದಕ್ಕೇ ಅಜ್ಜಿಯಿಂದ ಜೋಗುಳ ಹಾಡಿಸಿ ಚೌಕಗಳಲ್ಲಿ ತುಂಬಿದ್ದಳು. ಮೊದಲನೆಯದರಲ್ಲಿ ಸಾಲು ಪೂರ್ತಿಯಿತ್ತು. ಮುಂದಿನದರಲ್ಲಿ ಅದೇ ಸಾಲಿನ ಕೊನೆಯ ಮಾತನ್ನು ಕತ್ತರಿಸಿದ್ದಳು.

ಬಾಣಂತಿ ಮೊದಲ ಚೌಕ ಒತ್ತಿ, ಕಣ್ಣು ಮುಚ್ಚಿ ಕೇಳಿದಳು. ಮುಂದಿನದನ್ನು ಒತ್ತಿದಳು. ಜೋಗುಳ ಅರ್ಧಕ್ಕೆ ನಿಂತಿತು. ಯಾರೂ ಅಲುಗಲಿಲ್ಲ. ಅವಳ ಗಂಟಲು ಕಂಪಿಸಿತು, ತುಟಿ ತೆರೆದು ಮುಚ್ಚಿತು. ಮತ್ತೆ ಒತ್ತಿದಳು. ಮತ್ತೆ. ಆಮೇಲೆ ಆ ಮೌನದೊಳಗಿಂದ, ಒಡಕು ದನಿಯಲ್ಲಿ, ರಾಗದ ಜೊತೆಗೇ “ಕಂದಾ” ಎಂಬ ಮಾತು ಬಂತು. ಅಜ್ಜಿಯ ಮುಖವನ್ನೇ ನೋಡುತ್ತಿದ್ದ ಮಗು ತಾಯಿಯತ್ತ ತಿರುಗಿತು.

ಮಾತಾಡಲೆಂದು ತಂತ್ರಾಂಶಕಾರ ಮಾಡಿದ್ದ ಯಂತ್ರಕ್ಕೆ ಚಿಕಿತ್ಸಕಿ ಸುಮ್ಮನಿರುವುದನ್ನು ಕಲಿಸಿದ್ದಳು. ಅಂಥದ್ದೊಂದು ಅವನ ಕನಸಿಗೂ ಬಂದಿರಲಿಲ್ಲ. ತನಗೇ ಅರಿವಿಲ್ಲದೆ ಅವನು ಎದ್ದು ನಿಂತಿದ್ದ.

ಕತೆ ಅಲ್ಲಿಗೆ ನಿಂತಿತು. ವಿನುತಾ, ಆದರೂ ಅವನು ಮಾಡಿದ್ದರ ಗುರುತೇ ಅಲ್ಲಿ ಉಳಿಯಲಿಲ್ಲವಲ್ಲ, ಅವನ ಕಡೆ ಯಾರೂ ನೋಡಲೂ ಇಲ್ಲವಲ್ಲ ಎಂದಳು.

ಗುರುಗಳು ಕೇಳಿದರು: “ಮಗು ಯಾರ ಕಡೆ ತಿರುಗಬೇಕಿತ್ತು, ವಿನುತಾ?”