ಕತ್ತಿನ ನಾಳ ಚಪ್ಪಟೆಯಾದದ್ದು

ಹೊಳೆದಂಡೆಯ ಮಠಕ್ಕೊಂದು ಪುಟ್ಟ ಆಸ್ಪತ್ರೆ. ಅಲ್ಲಿ ಡಾಕ್ಟರ್ ವಾರಿಜಾ ಗುರು, ಹೊಸದಾಗಿ ಬಂದ ಕಿರಿಯ ಡಾಕ್ಟರ್ ಸುಮುಖ ಶಿಷ್ಯ. ಶಿಷ್ಯನಿಗೆ ಗುರುವಿಗಿಂತ ಸ್ಕ್ಯಾನ್ ಯಂತ್ರದ ಮೇಲೆ ಭಕ್ತಿ ಜಾಸ್ತಿ.

ಬೆಳಿಗ್ಗೆ ಗುರು ವಾರ್ಡಿಗೆ ಬಂದಾಗ ರೋಗಿ ಹಾಲಮ್ಮ ದಿಂಬಿಗೊರಗಿ ಏದುಸಿರು ಬಿಡುತ್ತಿದ್ದರು. ಕಾಲು ಬಾತಿತ್ತು. ಕೈಗೆ ಡ್ರಿಪ್ ಏರುತ್ತಿತ್ತು.

"ಇದನ್ನು ಹಾಕಿದ್ದು ಯಾರು?"

"ನಾನೇ ಮೇಡಂ. ನಿನ್ನೆಯಿಂದ ಮೂತ್ರ ಕಮ್ಮಿ. ಕಿಡ್ನಿ ಸ್ಕ್ಯಾನ್ ಮಾಡಿದೆ, ಎಲ್ಲೂ ಅಡ್ಡಿಯಿಲ್ಲ. ಕತ್ತಿನ ರಕ್ತನಾಳ ಚಪ್ಪಟೆ. ಅಂದರೆ ಮೈಯಲ್ಲಿ ನೀರೇ ಇಲ್ಲ."

"ಕಾಲು ನೋಡಿದೆಯಾ?"

"ಸ್ಕ್ರೀನಿನಲ್ಲಿ ಎಲ್ಲ ಸ್ಪಷ್ಟವಾಗಿತ್ತಲ್ಲ ಮೇಡಂ."

ಹಾಲಮ್ಮ ಏದುಸಿರಿನ ನಡುವೆಯೇ ಹೇಳಿದರು: "ಈ ನೀರು ಹಾಕ್ದಂಗೆಲ್ಲ ಉಸ್ರು ಕಟ್ತತಿ ಅಂದೆ ಡಾಕ್ಟ್ರಮ್ಮ. ಸುಮ್ಕಿರು, ಚಿತ್ರ ಅಲ್ಲಾಡ್ತತಿ ಅಂದ್ರು ಇವ್ರು."

ಗುರುವಿನ ಮುಖ ಕೆಂಪಾಯಿತು. ಡ್ರಿಪ್ ನಿಲ್ಲಿಸಿದರು.

"ನಿನ್ನೆ ಹೇಗೆ ನೋಡಿದೆಯೋ ಹಾಗೇ ನೋಡು."

ಸುಮುಖ ಯಂತ್ರದ ಮೂತಿಯನ್ನು ಹಾಲಮ್ಮನ ಕತ್ತಿಗೆ ಒತ್ತಿದ. ಹಾಲಮ್ಮ ಮುಖ ಹಿಂಡಿದರು. ಸ್ಕ್ರೀನಿನಲ್ಲಿ ನಾಳ ಗೆರೆಯಂತೆ ಮಲಗಿತ್ತು.

"ಕೊಡು ಇಲ್ಲಿ."

ಗುರು ಜೆಲ್ ಧಾರಾಳವಾಗಿ ಹಚ್ಚಿ, ಮುಟ್ಟಿದರೋ ಇಲ್ಲವೋ ಎಂಬಂತೆ ಹಿಡಿದರು. ನಾಳ ಕಪ್ಪಗೆ, ದುಂಡಗೆ ಉಬ್ಬಿ ನಿಂತಿತು. ಮೂತಿಯನ್ನು ಎದೆಯ ಮೇಲಿಟ್ಟರು. ಹೃದಯ ಬೇಕೋ ಬೇಡವೋ ಎಂಬಂತೆ ಮಿಡಿಯುತ್ತಿತ್ತು.

"ಹೃದಯಕ್ಕೆ ತಳ್ಳಲು ಶಕ್ತಿಯಿಲ್ಲ. ರಕ್ತ ಹಿಂದೆಯೇ ನಿಂತು ಕಿಡ್ನಿಯನ್ನು ಅದುಮುತ್ತಿದೆ. ನೀನು ಮೇಲಿಂದ ಇನ್ನೂ ನೀರು ಸುರಿದು ಇವರನ್ನು ಮಂಚದ ಮೇಲೇ ಮುಳುಗಿಸುತ್ತಿದ್ದೀಯಲ್ಲೋ, ಮಾರಾಯ!"

ನರ್ಸ್ ಓಡಿಬಂದು ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು.

"ಆದರೆ ಮೇಡಂ, ಯಂತ್ರ ತೋರಿಸಿದ್ದು..."

"ಪಕ್ಕದ ಮಂಚದಲ್ಲಿ ಮಲಗು."

"ನಾನಾ?"

"ಮಲಗು ಅಂದೆ."

ಗುರು ಮೂತಿಯನ್ನು ಅವನ ಕತ್ತಿನ ಮೇಲೆ ಹಗುರವಾಗಿ ಇಟ್ಟರು. ನಾಳ ತುಂಬಿತ್ತು. ಆಮೇಲೆ ಅದುಮಿದರು. ನಾಳ ಮಾಯ.

"ಅಯ್ಯೋ, ಮೇಡಂ, ನೋವು!"

"ಸುಮ್ಮನಿರು, ಚಿತ್ರ ಅಲ್ಲಾಡುತ್ತೆ. ಹಾಲಮ್ಮ, ಇವರ ಮೈಯಲ್ಲೂ ನೀರಿಲ್ಲ. ಒಂದು ಬಾಟಲಿ ಹಾಕೋಣವಾ?"

"ನಂದೇ ಉಳ್ದತಲ್ಲ," ಹಾಲಮ್ಮ ಕೆಮ್ಮುತ್ತಲೇ ನಕ್ಕರು. "ಅದನ್ನೇ ಹಾಕ್ರಿ."

ಮಧ್ಯಾಹ್ನದ ಹೊತ್ತಿಗೆ ಮೂತ್ರ ಸರಾಗವಾಗಿ ಹೋಯಿತು. ಹಾಲಮ್ಮನ ಉಸಿರು ಹದಕ್ಕೆ ಬಂದು, ಕೂತಲ್ಲೇ ಜೊಂಪು ಹತ್ತಿತು.

ಸುಮುಖ ಕತ್ತು ಸವರಿಕೊಳ್ಳುತ್ತ ಗುರುವಿನ ಹಿಂದೆ ಬಂದ. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ತಪ್ಪಾಯ್ತು ಮೇಡಂ. ಎಷ್ಟು ಹಗುರವಾಗಿ ಹಿಡಿಯಬೇಕು, ಹೇಳಿ."

ಗುರು ತಿರುಗಿ ನೋಡದೆ ಹೇಳಿದರು:

"ಮೂತಿಯ ಆ ಕಡೆ ಮಲಗಿದವರು ಮಾತಾಡಿದರೆ ನಿನಗೆ ಕೇಳಿಸುವಷ್ಟು."