ತವರಿನ ವಾಷಿಂಗ್ ಮೆಶೀನು

ತಿಪಟೂರಿನ ರುದ್ರಾಣಮ್ಮನವರ ಮನೆಯ ಹಿತ್ತಲ ವರಾಂಡದಲ್ಲಿ ಒಂದು ವಾಷಿಂಗ್ ಮೆಶೀನು ನಾರುತ್ತಿತ್ತು. ಮಕ್ಕಳೇ, ಮೂಗು ಮುಚ್ಚಿಕೊಳ್ಳಬೇಡಿ, ಕಥೆ ಅಲ್ಲಿಂದಲೇ ಶುರುವಾಗಬೇಕು. ದೊಡ್ಡವರೂ ಕೇಳಬಹುದು. ಬೆಳಗ್ಗೆ ಎದ್ದ ಕೂಡಲೇ ಫೋನು ಹಿಡಿದು ನೂರು ಜನಕ್ಕೆ ಬುದ್ಧಿಮಾತು ಕಳಿಸುವ ದೊಡ್ಡವರಂತೂ ಕೇಳಲೇಬೇಕು.

ಆ ಮೆಶೀನು ಅಂತಿಂಥದ್ದಲ್ಲ. ಗೌರಿ ಹಬ್ಬಕ್ಕೆ ತಮ್ಮ ಪಂಚಾಕ್ಷರಿ ಆಟೋದಲ್ಲಿ ಹಾಕಿಸಿಕೊಂಡು ಬಂದದ್ದು. ಬೀದಿಯ ಬೇರೆ ಹೆಂಗಸರಿಗೆ ತವರಿನಿಂದ ಸೀರೆ ಬಂದರೆ, ರುದ್ರಾಣಮ್ಮನವರಿಗೆ ಮುಂದುಗಡೆ ದುಂಡು ಗಾಜಿನ ಬಾಗಿಲಿರುವ ಮೆಶೀನು ಬಂತು. ಅವರು ಅದಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದರು. ಮೆಶೀನು ಜೋಡಿಸುವ ಹೊತ್ತಿಗೆ ಪಂಚಾಕ್ಷರಿ ಏನೇನೋ ಹೇಳುತ್ತಿದ್ದ. ಅಕ್ಕನ ಕಿವಿ ಒಲೆಯ ಮೇಲಿನ ಹೋಳಿಗೆಯ ಕಡೆಗಿತ್ತು.

ಅಮ್ಮನ ಒಂದು ಹಳೆಯ ಹತ್ತಿ ಸೀರೆ ಪೆಟ್ಟಿಗೆಯಲ್ಲಿತ್ತು. ರುದ್ರಾಣಮ್ಮ ಅದನ್ನು ಕತ್ತರಿಸಿ, ಅಂಚಿಗೆ ಎಲಾಸ್ಟಿಕ್ ಕೊಟ್ಟು, ಮೆಶೀನಿಗೆ ಒಂದು ಗವಸು ಹೊಲಿದರು. ತವರಿನ ಮೆಶೀನಿಗೆ ತವರಿನ ಸೀರೆ. ಬಟ್ಟೆ ಒಗೆದು ಮುಗಿದ ತಕ್ಷಣ ಗಾಜಿನ ಬಾಗಿಲನ್ನು ಟಪ್ಪನೆ ಮುಚ್ಚುವುದು, ಒರೆಸುವುದು, ಮೇಲಿಂದ ಗವಸು ಹಾಕಿ ಬಿಗಿ ಮಾಡುವುದು. ಧೂಳು ಕೂರಬಾರದು, ಹಲ್ಲಿ ನುಗ್ಗಬಾರದು. ಇಷ್ಟು ಜೋಪಾನವನ್ನು ಅವರು ಗಂಡನಿಗೂ ಮಾಡಿದವರಲ್ಲ.

ಮೂರನೇ ತಿಂಗಳಿಗೆ ವಾಸನೆ ಶುರುವಾಯಿತು. ಒಗೆದ ಟವೆಲಿನಲ್ಲಿ ಮುಖ ಒರೆಸಿದರೆ ಕೆಸರುಗುಂಡಿ ನೆನಪಾಗುತ್ತಿತ್ತು. ಗಂಡ ಮಲ್ಲೇಶಪ್ಪ ಮೇಷ್ಟ್ರು ಒಂದು ದಿನ ಧೈರ್ಯ ಮಾಡಿ, ಮೆಶೀನೇ ಕೆಟ್ಟಿರಬಹುದು ಎಂದರು. ರುದ್ರಾಣಮ್ಮ ಎರಡು ದಿನ ಅವರ ಜೊತೆ ಮಾತು ಬಿಟ್ಟರು. ತವರಿನಿಂದ ಬಂದದ್ದು ಕೆಡುವುದುಂಟೇ? ಅಂದಮೇಲೆ ತಪ್ಪು ಬೇರೆ ಯಾರದ್ದೋ ಇರಬೇಕು. ಅದು ಯಾರದ್ದು ಅನ್ನುವುದನ್ನು ಅವರು ಆಗಿನ್ನೂ ತೀರ್ಮಾನಿಸಿರಲಿಲ್ಲ.

ಬಟ್ಟೆಯನ್ನು ಮೆಶೀನಿಗೆ ಹಾಕಿ, ತೆಗೆದು, ತಾರಸಿಯ ಮೇಲೆ ಒಣಹಾಕುತ್ತಿದ್ದವಳು ಲಕ್ಕಮ್ಮ. ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಅದೇ ಬೀದಿಯ ಇನ್ನೆರಡು ಮನೆಗೂ ಹೋಗುತ್ತಿದ್ದಳು. ಈ ಮೂರು ಮನೆಯ ಕೆಲಸದಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು. ವಾಸನೆ ಬಂದ ಮೊದಲ ವಾರವೇ ಅವಳು ಹೇಳಿದಳು.

"ಅಮ್ಮಾರೆ, ಬಾಗ್ಲು ಮುಚ್ಬ್ಯಾಡಿ. ಒಳಗೆಲ್ಲಾ ಹಸಿ ಐತೆ. ಹಸಿ ಬಟ್ಟೆ ಗಂಟು ಕಟ್ಟಿಟ್ರೆ ನಾರಾಕಿಲ್ವಾ, ಹಂಗೇ ಇದೂವೆ."

ಒಂದೇ ಮಾತು. ಖರ್ಚಿಲ್ಲ, ಶ್ರಮವಿಲ್ಲ. ಬಾಗಿಲು ತೆಗೆದಿಡಬೇಕು, ಅಷ್ಟೇ. ಕಥೆ ಇಲ್ಲಿಗೇ ಮುಗಿಯಬಹುದಿತ್ತು, ನಾನೂ ನನ್ನ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ರುದ್ರಾಣಮ್ಮ ನಕ್ಕು, ಮೆಶೀನಿನ ವಿಷಯ ನಿನಗೇನು ಗೊತ್ತು ಎಂದು ಅವಳನ್ನು ಪಾತ್ರೆಗೆ ಕಳಿಸಿದರು.

ಆಮೇಲೆ ಮೇಷ್ಟ್ರ ಫೋನಿಗೆ ಸಂದೇಶ ಬಂತು. 'ನಿಸರ್ಗದಲ್ಲೇ ಇದೆ ಪರಿಹಾರ, ಹತ್ತು ಜನಕ್ಕೆ ಕಳಿಸಿ.' ಮೊದಲು ನಿಂಬೆಹಣ್ಣು. ಹನ್ನೆರಡು ಹಣ್ಣು ಹಿಂಡಿ ಡ್ರಮ್ಮಿಗೆ ಸುರಿದು ಖಾಲಿ ಮೆಶೀನು ಓಡಿಸಿದರು. ಎರಡು ದಿನ ಪಾನಕದ ಪರಿಮಳ. ಮೂರನೇ ದಿನ ಕೆಸರು ವಾಪಸು ಬಂತು, ಏಕೆಂದರೆ ಮೆಶೀನು ನಿಂತ ಕೂಡಲೇ ಬಾಗಿಲು ಟಪ್ಪೆಂದಿತ್ತು, ಗವಸು ಮೇಲೇರಿತ್ತು. ಲಕ್ಕಮ್ಮ ಎರಡನೇ ಸಲ ಹೇಳಿದಳು. ಹಲ್ಲಿ ನುಗ್ಗಿದರೆ ನೀನು ತೆಗೆಯುತ್ತೀಯಾ ಎಂದು ಕೇಳಿಸಿಕೊಂಡು ಬಟ್ಟೆ ಹೊತ್ತು ತಾರಸಿ ಹತ್ತಿದಳು.

ಮುಂದಿನ ಸಂದೇಶ ವಿನಿಗರ್ ಎಂದಿತು, ಅದರ ಮುಂದಿನದು ಅಡುಗೆ ಸೋಡಾ ಎಂದಿತು. ಎರಡೂ ಒಳ್ಳೆಯ ಪದಾರ್ಥಗಳೇ. ಒಂದು ದಿನ ಇದು, ಇನ್ನೊಂದು ದಿನ ಅದು ಹಾಕಿದ್ದರೆ ಜಿಡ್ಡು ಬಿಡುತ್ತಿತ್ತು. ನಮ್ಮ ಮೇಷ್ಟ್ರು ಎರಡನ್ನೂ ಒಂದೇ ಬಟ್ಟಲಿಗೆ ಸುರಿದರು. ನೊರೆ ಉಕ್ಕಿತು. ಅವರು ಸಂತೋಷದಿಂದ ಹೆಂಡತಿಯನ್ನು ಕೂಗಿ ಕರೆದು, ಶಕ್ತಿ ನೋಡು ಎಂದು ತೋರಿಸಿದರು. ಹುಳಿಯೂ ಸೋಡಾವೂ ಸೇರಿದರೆ ಒಂದನ್ನೊಂದು ತಿಂದುಕೊಂಡು ಕೊನೆಗೆ ಬರೀ ಉಪ್ಪುಪ್ಪು ನೀರು ಉಳಿಯುತ್ತದೆ. ಇದನ್ನು ಅವರು ಮೂವತ್ತೆರಡು ವರ್ಷ ಎಂಟನೇ ಕ್ಲಾಸಿಗೆ ಪಾಠ ಮಾಡಿದ್ದರು. ಅವರು ವಿಜ್ಞಾನದ ಮೇಷ್ಟ್ರು. ಇದಕ್ಕೆ ನಾನು ಏನು ಹೇಳಲಿ, ನೀವೇ ಹೇಳಿ.

ಬೇವಿನ ಸೊಪ್ಪು ಬಂತು, ಅದು ನೀರು ಹೋಗುವ ದಾರಿಗೆ ಸಿಕ್ಕಿಕೊಂಡು ವರಾಂಡವೆಲ್ಲ ಕೆರೆಯಾಯಿತು. ಸಾಂಬ್ರಾಣಿ ಹೊಗೆ ಬಂತು. ಬಾಣಂತಿಯ ತಲೆಗೆ ಹಾಕುವ ಹಾಗೆ ಮೆಶೀನಿನ ಹೊಟ್ಟೆಗೆ ಹೊಗೆ ಹಾಕಿ, ಪುಣ್ಯಾತ್ಮರು ಹೊಗೆ ಸಮೇತ ಬಾಗಿಲು ಮುಚ್ಚಿದರು. ಮೇಷ್ಟ್ರ ಬಿಳಿ ಅಂಗಿಗೆ ಮಠ ಮತ್ತು ಮೋರಿ ಎರಡರ ವಾಸನೆಯೂ ಒಟ್ಟಿಗೆ ಬರತೊಡಗಿತು. ಲಕ್ಕಮ್ಮ ಮೂರನೇ ಸಲ ಹೇಳಿದಳು. ಆ ದಿನ ರುದ್ರಾಣಮ್ಮನವರಿಗೆ ರೇಗಿತು. ಬಾಯಿ ಮುಚ್ಚಿಕೊಂಡು ಕೆಲಸ ನೋಡು ಎಂದುಬಿಟ್ಟರು.

ಆ ಬೀದಿಯ ಹೆಂಗಸರು ಸೋಮವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ವಚನ ಹಾಡುತ್ತಾರೆ. ಒಂದು ಸೋಮವಾರ ರುದ್ರಾಣಮ್ಮ ಹೊಸದಾಗಿ ಒಗೆದ ಸೀರೆಯುಟ್ಟು ಹೋದರು. ಪಕ್ಕದಲ್ಲಿ ಕೂತ ಪುಷ್ಪಾವತಿ ಸ್ವಲ್ಪ ಸರಿದು ಕೂತರು. ಮತ್ತೊಂದು ಸ್ವಲ್ಪ ಸರಿದರು. ಕೊನೆಗೆ, ಸೀರೆ ಪೂರ್ತಿ ಒಣಗಿಲ್ಲವೇನೋ ಎಂದು ಮೆಲ್ಲಗೆ ಕೇಳಿದರು. ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು. ರುದ್ರಾಣಮ್ಮನವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತವರಿನ ಮೆಶೀನು ನಾರುತ್ತದೆ ಎಂದು ಹತ್ತು ಜನರ ಮುಂದೆ ಹೇಳುವುದಕ್ಕಾಗುತ್ತದೆಯೇ?

"ನಮ್ಮ ಲಕ್ಕಮ್ಮಂದು ಬರೀ ಗಡಿಬಿಡಿ ಕಣ್ರೀ," ಎಂದರು. "ಹಸೀಲೇ ಮಡಚಿಟ್ಟುಬಿಡ್ತಾಳೆ."

ಮಕ್ಕಳೇ, ಈ ಮಾತು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು ನೋಡಿ. ಒಂದು ಉಸಿರು ಸಾಕು. ಲಕ್ಕಮ್ಮ ಕೆಲಸ ಮಾಡುತ್ತಿದ್ದ ಇನ್ನೆರಡು ಮನೆಯವರೂ ಅಲ್ಲೇ ಕೂತಿದ್ದರು. ಆ ವಾರ ಮುಗಿಯುವುದರೊಳಗೆ ಇಬ್ಬರೂ ಅವಳಿಗೆ, ಹಸಿ ಬಟ್ಟೆ ಮಡಚುತ್ತೀಯಂತೆ, ಇನ್ನು ಬರಬೇಡ ಎಂದರು.

ಲಕ್ಕಮ್ಮ ಜಗಳವಾಡಲಿಲ್ಲ. ರುದ್ರಾಣಮ್ಮನವರ ಮನೆಗೆ ಬಂದು, ಆ ದಿನದ ಬಟ್ಟೆಯನ್ನು ಒಂದೂ ಬಿಡದೆ ಹರವಿ, ಕೆಳಗಿಳಿದು ಬಂದು ಒಂದು ಪ್ರಶ್ನೆ ಕೇಳಿದಳು.

"ನಾನು ಹಸಿ ಬಟ್ಟೆ ಮಡಚಿದ್ದ ನೀವು ನೋಡಿದ್ರಾ ಅಮ್ಮಾರೆ?"

ರುದ್ರಾಣಮ್ಮ ಮುಖ ಆ ಕಡೆ ತಿರುಗಿಸಿದರು. ಮೆಶೀನಿನ ಗವಸಿನ ಎಲಾಸ್ಟಿಕ್ ಸರಿಮಾಡುತ್ತ ನಿಂತರು. ಲಕ್ಕಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು. ಮಾರನೇ ದಿನ ಬರಲಿಲ್ಲ. ನಾನೇನು ಬಿಡು ಅನ್ನಲಿಲ್ಲವಲ್ಲ ಎಂದು ರುದ್ರಾಣಮ್ಮ ಗಂಡನೆದುರು ಹತ್ತು ಸಲ ಹೇಳಿದರು. ಮೇಷ್ಟ್ರು ಫೋನು ನೋಡುತ್ತಿದ್ದರು.

ಈಗ ಬಟ್ಟೆ ಒಣಹಾಕುವುದು ರುದ್ರಾಣಮ್ಮನವರ ಪಾಲಿಗೆ ಬಂತು. ಚೈತ್ರದ ಬಿಸಿಲು. ಟವೆಲು ಹಪ್ಪಳದ ಹಾಗೆ ಗರಿಗರಿಯಾಗುವವರೆಗೂ ಒಣಗಿಸಿದರು. ಮುಖ ಒರೆಸಿದರೆ ಅದೇ ಕೆಸರು. ಇನ್ನು ಯಾರನ್ನು ಬೈಯುವುದು? ಒಂದು ವಾರ ಪುರಸಭೆಯ ನೀರನ್ನು ಬೈದರು. ಇನ್ನೊಂದು ವಾರ ಸೋಪಿನ ಪುಡಿಯನ್ನು ಬೈದರು. ಬೈಗುಳ ಮುಗಿಯಿತು, ವಾಸನೆ ಮುಗಿಯಲಿಲ್ಲ.

ಅಂಥ ಒಂದು ದಿನ ಪಂಚಾಕ್ಷರಿ ಫೋನು ಮಾಡಿದ. ಮೆಶೀನು ಹೇಗಿದೆ ಎಂದು ಕೇಳಿದ. ಬಹಳ ಚೆನ್ನಾಗಿದೆ ಎಂದು ಅಕ್ಕ ಸುಳ್ಳು ಹೇಳಿದರು.

"ಬಾಗಿಲು ತೆಗೆದೇ ಇಡ್ತೀಯ ತಾನೆ ಅಕ್ಕ? ಒಗೆದಾದ ಮೇಲೆ ಮುಚ್ಚಿದ್ರೆ ವಾಸನೆ ಬರುತ್ತೆ. ಅವತ್ತೇ ಹೇಳಿದ್ನಲ್ಲ."

ರುದ್ರಾಣಮ್ಮ ಫೋನು ಕೆಳಗಿಟ್ಟು ನೇರ ವರಾಂಡಕ್ಕೆ ಹೋಗಿ ಗವಸು ಕಿತ್ತು ಬಾಗಿಲು ತೆಗೆದರು. ನನಗೆ ಮೈ ಉರಿಯುವುದು ಇಲ್ಲೇ. ಅದೇ ಮಾತು. ಅಕ್ಷರ ವ್ಯತ್ಯಾಸವಿಲ್ಲ. ಲಕ್ಕಮ್ಮ ಮೂರು ಸಲ ಹೇಳಿದಾಗ ಅದು ಏನೂ ತಿಳಿಯದವಳ ಮಾತಾಗಿತ್ತು. ತಮ್ಮ ಒಂದು ಸಲ ಹೇಳಿದಾಗ ವೇದವಾಕ್ಯವಾಯಿತು.

ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯನ್ನು ಬಿಡಿಸಿ ಬೆರಳು ಹಾಕಿದರು. ಕಪ್ಪು ಲೋಳೆ, ಕೂದಲು, ನಿಂಬೆ ಬೀಜ, ಕೊಳೆತ ಬೇವಿನೆಲೆ ಬಂದವು. ಕೊನೆಗೆ ಮೇಷ್ಟ್ರ ಕರ್ಚೀಫೊಂದು ಬಂತು. ಯುಗಾದಿಗೆ ಮುಂಚೆ ಕಳೆದಿದ್ದ ಆ ಕರ್ಚೀಫನ್ನೂ ಲಕ್ಕಮ್ಮನೇ ಎಲ್ಲೋ ಬೀಳಿಸಿದಳೆಂದು ಬೈದದ್ದಾಗಿತ್ತು. ರುದ್ರಾಣಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಅವರಿಗೆ ನಾಚಿಕೆಯಾಯಿತು. ಆಗಬೇಕಾದದ್ದೇ.

ಬಟ್ಟೆಗೆ ವಿನಿಗರ್ ಅದ್ದಿ ರಬ್ಬರಿನ ಸುತ್ತ ಒರೆಸಿದರು. ಸೋಪು ಹಾಕುವ ಡಬ್ಬಿ ಕಳಚಿ ಹಳೆಯ ಬ್ರಷ್ಷಿನಲ್ಲಿ ತಿಕ್ಕಿದರು. ಕೆಳಗಿನ ಜಾಲರಿ ಬಿಚ್ಚಿ, ನಿಂತ ನೀರು ಚೆಲ್ಲಿದರು. ಅಡುಗೆ ಸೋಡಾ ಹಾಕಿ ಬಿಸಿನೀರಿನಲ್ಲಿ ಖಾಲಿ ಓಡಿಸಿದ್ದು ಮಾರನೇ ದಿನ. ಆಮೇಲೆ ಬಾಗಿಲು ತೆಗೆದೇ ಬಿಟ್ಟರು. ನಾಲ್ಕು ದಿನಕ್ಕೆ ವಾಸನೆ ಹೋಯಿತು. ಒಂದು ಹಲ್ಲಿಯೂ ಬರಲಿಲ್ಲ.

ಐದನೇ ದಿನ ಲಕ್ಕಮ್ಮನ ಮನೆಗೆ ಹೋಗಿ, ತಪ್ಪಾಯಿತು, ನಾಳೆಯಿಂದ ಬಾ ಎಂದರು. ಲಕ್ಕಮ್ಮ ಮಣೆ ಕೊಟ್ಟು ಕೂರಿಸಿದಳು. ನೀರು ಕೊಟ್ಟಳು. ಆಮೇಲೆ ಹೇಳಿದಳು.

"ಹತ್ತು ಜನದ ಮುಂದೆ ಅಂದಿರಿ. ಒಬ್ರೇ ಬಂದು ಇಲ್ಲಿ ಹೇಳುದ್ರೆ ಅವ್ರಿಗೆ ಕೇಳ್ತದಾ ಅಮ್ಮಾರೆ?"

ಮುಂದಿನ ಸೋಮವಾರ ರುದ್ರಾಣಮ್ಮ ಹಾಡಿಗೆ ಮುಂಚೆ ಎದ್ದು ನಿಂತರು. ಮೊದಲು, ರಬ್ಬರಿನಲ್ಲಿ ಏನೋ ದೋಷವಿತ್ತು ಎಂದು ಶುರುಮಾಡಿದರು. ನಾಲಗೆ ಇನ್ನೂ ತವರನ್ನೇ ಕಾಯುತ್ತಿತ್ತು. ಆಮೇಲೆ ನಿಲ್ಲಿಸಿ, ನೆಲ ನೋಡುತ್ತ ಪೂರ್ತಿ ಹೇಳಿದರು. ಬಟ್ಟೆ ಹಸಿಯಿರಲಿಲ್ಲ. ಬಾಗಿಲು ಮುಚ್ಚಿದ್ದು ತಾನು. ಲಕ್ಕಮ್ಮ ಮೂರು ಸಲ ಹೇಳಿದ್ದಳು, ಕೇಳದೆ ಇದ್ದದ್ದು ತಾನು. ಅವಳ ಮೇಲೆ ಹೇಳಿದ್ದು ಸುಳ್ಳು. ಪುಷ್ಪಾವತಿ ಎದ್ದು ಅವರ ಪಕ್ಕಕ್ಕೆ ಬಂದು ಕೂತರು.

ಆ ಎರಡು ಮನೆಯವರೂ ಲಕ್ಕಮ್ಮನನ್ನು ಮತ್ತೆ ಕರೆದರು. ಅವಳು ಹೋದಳು. ರುದ್ರಾಣಮ್ಮ ಬೀದಿಯಲ್ಲೇ ಅವಳನ್ನು ನಿಲ್ಲಿಸಿ, ನಮ್ಮ ಮನೆಗೆ ಯಾವಾಗ ಬರುತ್ತೀ ಎಂದು ಕೇಳಿದರು. ಲಕ್ಕಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ ಬುಡಿ ಅಮ್ಮಾರೆ. ಹನ್ನೊಂದು ವರ್ಷ ನಿಮ್ಮನೆ ಬಟ್ಟೆ ಒಗ್ದಿವ್ನಿ. ನಾ ಕೇಳುದ್ದುಕ್ಕೆ ಅವತ್ತು 'ಇಲ್ಲ, ನೋಡಿಲ್ಲ' ಅಂತ ಒಂದ್ ಮಾತು ಅನ್ನಕೆ ನಿಮ್ ಕೈಲಿ ಆಗ್ಲಿಲ್ಲ."

ಈಗಲೂ ರುದ್ರಾಣಮ್ಮನವರೇ ಬಟ್ಟೆ ಒಗೆದು ಒಣಹಾಕುತ್ತಾರೆ. ಅಮ್ಮನ ಸೀರೆಯ ಗವಸನ್ನು ನಾಲ್ಕು ತುಂಡು ಮಾಡಿಕೊಂಡಿದ್ದಾರೆ. ಒಗೆದು ಮುಗಿದ ಮೇಲೆ ಒಂದು ತುಂಡಿನಲ್ಲಿ ರಬ್ಬರಿನ ಮಡಿಕೆ ಒರೆಸಿ, ಬಾಗಿಲು ತೆಗೆದಿಟ್ಟು ಒಳಗೆ ಹೋಗುತ್ತಾರೆ. ಟವೆಲಿಗೆ ಈಗ ಬರೀ ಬಿಸಿಲಿನ ವಾಸನೆ. ಪಕ್ಕದ ಮನೆಯ ತಾರಸಿಯಲ್ಲಿ ಲಕ್ಕಮ್ಮ ಬಟ್ಟೆ ಹರವುವುದು ಅವರ ತಾರಸಿಯಿಂದ ಕಾಣುತ್ತದೆ. ಅವಳು ಒಂದೊಂದು ಬಟ್ಟೆಯನ್ನೂ ಮುಟ್ಟಿ ನೋಡಿ, ಒಣಗಿದ್ದನ್ನು ಮಾತ್ರ ಮಡಚುತ್ತಾಳೆ.

ನೀತಿ: ಮಾತು ಸರಿಯೋ ತಪ್ಪೋ ನೋಡಿ, ಯಾರು ಆಡಿದರು ಎಂದು ನೋಡಬೇಡಿ. ನಿಮ್ಮ ಮರ್ಯಾದೆ ಉಳಿಸಿಕೊಳ್ಳಲು ಇನ್ನೊಬ್ಬರ ಹೆಸರು ಕೆಡಿಸಬೇಡಿ. ಮೆಶೀನಿನ ವಾಸನೆ ವಿನಿಗರ್, ಸೋಡಾ ಮತ್ತು ತೆರೆದ ಬಾಗಿಲಿನಿಂದ ನಾಲ್ಕು ದಿನದಲ್ಲಿ ಹೋಗುತ್ತದೆ. ಆಡಿದ ಸುಳ್ಳನ್ನು ಆಡಿದ ಜಾಗದಲ್ಲೇ ಒಪ್ಪಿಕೊಂಡರೂ, ನೀವು ಕಳೆದುಕೊಂಡವರು ತಿರುಗಿ ಬರುತ್ತಾರೆಂದು ಯಾವ ಭರವಸೆಯೂ ಇಲ್ಲ. ಇದನ್ನು ಹತ್ತು ಜನಕ್ಕೆ ಕಳಿಸುವ ಮೊದಲು, ದಯವಿಟ್ಟು ಎದ್ದು ಹೋಗಿ ನಿಮ್ಮ ಮೆಶೀನಿನ ಬಾಗಿಲು ತೆಗೆದು ಬನ್ನಿ.