ಚಿಂಚಕ್ಕನ ಏಳನೆಯ ಪಾಠ

ಮಕ್ಕಳೇ, ಹೊಂಗೆಕಾಡಿನ ಕೊಳದ ದಂಡೆಯಲ್ಲಿ ಚಿಂಚಕ್ಕ ಎಂಬ ಸುಂಡಿಲಿ ಇದ್ದಳು. ಅವಳಿಗೆ ನಾಲ್ಕು ಮರಿಗಳು. ಹೊರಗೆ ಹೊರಟರೆ ಒಂದರ ಬಾಲ ಒಂದು ಕಚ್ಚಿಕೊಂಡು ಸಾಲಾಗಿ ಅಮ್ಮನ ಹಿಂದೆ ಬರುತ್ತಿದ್ದವು. ಕೇರೆಹಾವೊಂದು ಆ ದಂಡೆಯನ್ನು ದಿನಾ ಸುತ್ತುತ್ತಿತ್ತು. ಹಾಗಾಗಿ ಮರಿಗಳಿಗೆ ಭದ್ರವಾದ ಬಿಲ ಬೇಕೆಂಬುದೇ ಚಿಂಚಕ್ಕನ ಚಿಂತೆ.

ಬಿಲ ತೋಡುವುದರಲ್ಲಿ ಹೆಗ್ಗಣ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಹಿಂದೆಲ್ಲ ಆ ವಿದ್ಯೆ ಹೆಗ್ಗಣಗಳ ಮನೆಯೊಳಗೇ ಉಳಿದಿತ್ತು. ಈ ಮೇಷ್ಟ್ರು ಮಾತ್ರ, ಆಸೆಯಿದ್ದವರಿಗೆಲ್ಲ ಕಲಿಸುತ್ತೇನೆ, ಯಾರೂ ಏನೂ ಕೊಡಬೇಕಾಗಿಲ್ಲ ಎಂದು ಸಾರಿಬಿಟ್ಟರು. ದಿನಕ್ಕೊಂದರಂತೆ ಏಳು ಪಾಠ. ಗೊರವಂಕ ಹಕ್ಕಿಗಳು ಅವನ್ನು ಬಾಯಿಪಾಠ ಮಾಡಿ ಕಾಡಿನ ಮೂಲೆಮೂಲೆಗೂ ಮುಟ್ಟಿಸುತ್ತಿದ್ದವು. ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಮತ್ತೆ ಹೇಳುತ್ತಿದ್ದವು.

ಮೊದಲ ದಿನ ಅರ್ಧ ಕಾಡೇ ಕಿವಿಗೊಟ್ಟು ಕೂತಿತ್ತು. ಚಿಂಚಕ್ಕ ಬಲು ಚುರುಕು, ಕೇಳಿದ್ದನ್ನು ಅಂದೇ ತೋಡಿ ಮುಗಿಸುತ್ತಿದ್ದಳು. ಪಕ್ಕದ ಬಿಲದ ನೆಲಗಪ್ಪೆ ಗುಪ್ಪಣ್ಣ ನಿಧಾನಿ. ಒಂದೇ ಪಾಠವನ್ನು ಮೂರು ಸಲ ಹೇಳಿಸಿಕೊಳ್ಳುತ್ತಿದ್ದ. ಚಿಂಚಕ್ಕನಿಗೆ ಒಳಗೊಳಗೇ ನಗು.

ಆರನೆಯ ದಿನ ಬಿಲದ ನಡುವೆ ಇಕ್ಕಟ್ಟಾದ ತಿರುವು ತೆಗೆಯುವುದನ್ನು ಕಲಿತಳು. ಇನ್ನೇನು, ಎಲ್ಲ ಬಂದುಬಿಟ್ಟಿತು ಎನ್ನಿಸಿತು. ಅಷ್ಟರಲ್ಲಿ ಜೇನುಹುಳು ಕುಣಿತ ಕಲಿಸತೊಡಗಿತು, ಜೀರುಂಡೆ ಸಂಗೀತ. ಅದೂ ಬಿಟ್ಟಿ, ಇದೂ ಬಿಟ್ಟಿ. ಚಿಂಚಕ್ಕ ಎರಡಕ್ಕೂ ಹೆಸರು ಕೊಟ್ಟಳು.

"ಏಳನೇ ಪಾಠ ಕೇಳಲ್ವಾ, ಚಿಂಚಕ್ಕ?" ಎಂದ ಗುಪ್ಪಣ್ಣ.

"ಅದೆಲ್ಲಿ ಓಡಿಹೋಗುತ್ತೆ? ನಾಳೆ ಕೇಳಿದರಾಯಿತು" ಎಂದಳು.

ನಾಳೆ, ನಾಳೆ ಎಂದು ಹತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಕೇರೆಹಾವು ಅವಳ ಬಿಲಕ್ಕೇ ತಲೆ ತೂರಿಸಿತು. ಮರಿಗಳನ್ನು ಕಟ್ಟಿಕೊಂಡು ಹಿಂದೆ ಹಿಂದೆ ಸರಿದ ಚಿಂಚಕ್ಕನ ಬೆನ್ನಿಗೆ ಗೋಡೆ ತಗಲಿತು. ಆರನೆಯ ಪಾಠದ ತಿರುವಿನಲ್ಲಿ ಹಾವು ಸಿಕ್ಕಿಕೊಂಡು ಒದ್ದಾಡುತ್ತಿತ್ತು ನಿಜ. ಆದರೆ ಎಷ್ಟು ಹೊತ್ತು?

"ಗುಪ್ಪಣ್ಣ, ಏಳನೇ ಪಾಠ ಏನು?" ಎಂದು ಗೋಡೆಗೆ ಬಾಯಿಟ್ಟು ಕೂಗಿದಳು.

ಗುಪ್ಪಣ್ಣ ತಡವರಿಸಲಿಲ್ಲ. ಮೂರು ಸಲ ಕೇಳಿದ್ದು ನಾಲಗೆಯ ತುದಿಯಲ್ಲೇ ಇತ್ತು. "ಹಿಂಬಾಗಿಲಿನ ಪಾಠ, ಅಕ್ಕ. ಬೇರು ಇಳಿಬಿದ್ದ ಕಡೆ ಮಣ್ಣು ಸಡಿಲ. ಅಲ್ಲೇ ಮೇಲಕ್ಕೆ ತೋಡು."

ಚಿಂಚಕ್ಕ ಕತ್ತಲಲ್ಲಿ ತಡಕಾಡಿದಳು. ಬೇರು ಸಿಕ್ಕಿತು. ಉಗುರು ಸವೆಯುವಂತೆ ತೋಡಿದಳು. ಮಣ್ಣು ಉದುರಿ ಬೆಳಕು ಕಂಡಿತು. ಅವಳ ಬಾಲ ಒಂದು ಮರಿ ಕಚ್ಚಿತು, ಅದರ ಬಾಲ ಇನ್ನೊಂದು. ನಾಲ್ಕೂ ಅಮ್ಮನ ಹಿಂದೆಯೇ ಹೊರಗೆ ಬಂದು ಮುಳ್ಳುಪೊದೆ ಸೇರಿದವು. ತಿರುವು ದಾಟಿ ಬಂದ ಹಾವಿಗೆ ಸಿಕ್ಕಿದ್ದು ಬರಿಯ ಬಿಲ.

ಮರುದಿನ ಬೆಳಿಗ್ಗೆ ಚಿಂಚಕ್ಕ ಮರಿಗಳೊಂದಿಗೆ ಗುಪ್ಪಣ್ಣನ ಪಕ್ಕ ಬಂದು ಕೂತು, ಏಳೂ ಪಾಠಗಳನ್ನು ಮೊದಲಿನಿಂದ ಹೇಳುವಂತೆ ಗೊರವಂಕವನ್ನು ಕೇಳಿದಳು. ಅದು ಸಂತೋಷದಿಂದ ಹೇಳಿತು. ಏಳನೆಯದನ್ನು ಅವಳು ಮೂರು ಸಲ ಹೇಳಿಸಿಕೊಂಡಳು. ಮೂರನೆಯ ಸಲ ಮರಿಗಳೂ ದನಿಗೂಡಿಸಿದವು.

ನೀತಿ: ವಿದ್ಯೆ ಬಿಟ್ಟಿಯಾಗಿ ಮನೆಬಾಗಿಲಿಗೇ ಬರಬಹುದು, ಆದರೆ ಕೊನೆಯವರೆಗೆ ಕಲಿತಾಗಲೇ ಅದು ಕೈಹಿಡಿಯುವುದು.